ಎಲ್ಲಿ ಕಾಯಬಹುದು, ಎಲ್ಲಿ ಕಾಯಬಾರದು

"ವರ್ಷ ತುಂಬಿತು ಡಾಕ್ಟ್ರೇ, ಇನ್ನೂ ನಡೀತಿಲ್ಲ." ಈ ಮಾತು ಕೇಳದ ಮಕ್ಕಳ ವೈದ್ಯರು ಇರಲಿಕ್ಕಿಲ್ಲ. "ಎರಡೂವರೆ ವರ್ಷ ಆಯ್ತು, ಮಾತು ಬಂದಿಲ್ಲ. ಅವರಪ್ಪನೂ ಲೇಟಾಗೇ ಮಾತಾಡಿದ್ದಂತೆ, ಅದಕ್ಕೇ ಸುಮ್ನಿದ್ವಿ." ಇದನ್ನೂ ಅಷ್ಟೇ ಸಲ ಕೇಳುತ್ತೇವೆ. ಮೊದಲನೆಯವರಿಗೆ ಅವಸರ ಬೇಕಿರಲಿಲ್ಲ. ಎರಡನೆಯವರು ಆರು ತಿಂಗಳು ಮೊದಲೇ ಬರಬೇಕಿತ್ತು. ಬೆಳವಣಿಗೆಯಲ್ಲಿ ಕೆಲವು ಕೆಲಸಗಳಿಗೆ ತಿಂಗಳುಗಟ್ಟಲೆ ಸಡಿಲ ಇದೆ. ಇನ್ನು ಕೆಲವಕ್ಕೆ ವಾರಗಳ ಲೆಕ್ಕ. ಯಾವುದು ಯಾವ ಗುಂಪು ಅನ್ನುವುದು ತಿಳಿದಿದ್ದರೆ ಅರ್ಧ ಆತಂಕ ಕಡಿಮೆ ಆಗುತ್ತದೆ. ಉಳಿದರ್ಧ ಸರಿಯಾದ ಜಾಗಕ್ಕೆ ಹೋಗುತ್ತದೆ.

ಎಲ್ಲಕ್ಕಿಂತ ಬಿಗಿಯಾದ ಲೆಕ್ಕ ಇರುವುದು ಗರ್ಭದಲ್ಲಿ, ಅದೂ ಶುರುವಿನಲ್ಲೇ. ಮುಂದೆ ಮಿದುಳು, ಬೆನ್ನುಹುರಿ ಆಗಬೇಕಾದ ನರಕೊಳವೆ, ಗರ್ಭ ಕಟ್ಟಿದ ಸುಮಾರು 28 ದಿನಗಳಲ್ಲಿ ಮುಚ್ಚಿಕೊಳ್ಳಬೇಕು. ಅಷ್ಟು ಹೊತ್ತಿಗೆ ಮುಟ್ಟು ತಪ್ಪಿ ಎರಡು ವಾರ ಆಗಿರುತ್ತದೆ, ಅಷ್ಟೆ. ಎಷ್ಟೋ ಜನಕ್ಕೆ ತಾವು ಬಸುರಿ ಅಂತಲೇ ಗೊತ್ತಿರುವುದಿಲ್ಲ. ಕೊಳವೆ ಪೂರ್ತಿ ಮುಚ್ಚದಿದ್ದರೆ ಬೆನ್ನುಹುರಿಯಲ್ಲೋ ಮಿದುಳಿನಲ್ಲೋ ದೋಷ ಉಳಿಯುತ್ತದೆ. ಮೊದಲೊಮ್ಮೆ ಇಂಥ ಮಗುವನ್ನು ಹೆತ್ತಿದ್ದ ತಾಯಂದಿರಿಗೆ ಫೋಲಿಕ್ ಆಸಿಡ್ ಕೊಟ್ಟು ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ ಒಂದು ದೊಡ್ಡ ಅಧ್ಯಯನ ಮಾಡಿತು. ಫಲಿತಾಂಶ ಬಂದದ್ದು 1991ರಲ್ಲಿ. ಅದೇ ದೋಷ ಮರುಕಳಿಸುವುದು ಶೇ. 72ರಷ್ಟು ಇಳಿದಿತ್ತು. ಇಷ್ಟು ಅಗ್ಗದ ಮಾತ್ರೆಯಿಂದ ಇಷ್ಟು ದೊಡ್ಡ ಲಾಭ ಸಿಗುವುದು ವೈದ್ಯಕೀಯದಲ್ಲಿ ಅಪರೂಪ. ಆದರೆ ಅದನ್ನು ಗರ್ಭ ಕಟ್ಟುವುದಕ್ಕೆ ಕನಿಷ್ಠ ಒಂದು ತಿಂಗಳು ಮೊದಲೇ ಶುರು ಮಾಡಬೇಕು, ದಿನಕ್ಕೆ 400 ಮೈಕ್ರೋಗ್ರಾಂ. ಹಿಂದೆ ಇಂಥ ಮಗು ಹುಟ್ಟಿದ್ದರೆ ಅದರ ಹತ್ತರಷ್ಟು, ವೈದ್ಯರು ಬರೆದುಕೊಟ್ಟ ಹಾಗೆ. ಮೊದಲ ಸ್ಕ್ಯಾನ್ ಆದ ಮೇಲೆ ಶುರು ಮಾಡಿದ ಮಾತ್ರೆ ಈ ಕೆಲಸಕ್ಕೆ ತಡವಾಗಿ ಬಂದ ಮಾತ್ರೆ.

ಎಂಟು ವಾರಕ್ಕೆ ಮುಖ್ಯ ಅಂಗಗಳ ಅಚ್ಚು ಮೂಡಿರುತ್ತದೆ. ಆಮೇಲಿನ ತಿಂಗಳುಗಳಲ್ಲಿ ನಡೆಯುವುದು ಬಹುಪಾಲು ಬಲಿಯುವ ಕೆಲಸ. 25ನೇ ವಾರದ ಆಸುಪಾಸಿನಲ್ಲಿ ಮಗು ಸದ್ದಿಗೆ ಸ್ಪಂದಿಸತೊಡಗುತ್ತದೆ. ಹುಟ್ಟಿ ಮೂರು ದಿನವೂ ಆಗದ ಕೂಸುಗಳು ತಾಯಿಯ ದನಿ ಕೇಳುವುದಕ್ಕಾಗಿ ಚೀಪುವ ಲಯವನ್ನೇ ಬದಲಿಸಿದ್ದನ್ನು ಡಿಕ್ಯಾಸ್ಪರ್ ಮತ್ತು ಫೈಫರ್ 1980ರಲ್ಲಿ ತೋರಿಸಿದರು. ಇದನ್ನು ಹಿಡಿದುಕೊಂಡು ಹೊಟ್ಟೆಗೆ ಹೆಡ್‌ಫೋನ್ ಕಟ್ಟುವವರೂ ಇದ್ದಾರೆ. ಬೇಡಪ್ಪ. ತಾಯಿ ದಿನವಿಡೀ ಮಾತಾಡುತ್ತಲೇ ಇರುತ್ತಾಳಲ್ಲ, ಅಷ್ಟು ಸಾಕು.

ದಿನ ತುಂಬುವ ಮೊದಲೇ ಹುಟ್ಟಿದ ಮಕ್ಕಳ ಅಪ್ಪ ಅಮ್ಮನಿಗೆ ಒಂದು ಮಾತು. ಎರಡು ತಿಂಗಳು ಮೊದಲೇ ಹುಟ್ಟಿದ ಮಗು ಆರು ತಿಂಗಳಲ್ಲಿ ಮಾಡುವುದನ್ನು ನಾಲ್ಕು ತಿಂಗಳ ಮಗುವಿನ ಜೊತೆ ಹೋಲಿಸಬೇಕು. ಎರಡು ವರ್ಷದವರೆಗೆ ಈ ಲೆಕ್ಕ. ಲಸಿಕೆಗೆ ಮಾತ್ರ ಈ ರಿಯಾಯಿತಿ ಇಲ್ಲ, ಅದು ಹುಟ್ಟಿದ ತಾರೀಖಿನ ಪ್ರಕಾರವೇ.

ಇನ್ನು ನಡಿಗೆಗೆ ಬರೋಣ. ವಿಶ್ವ ಆರೋಗ್ಯ ಸಂಸ್ಥೆ 1997ರಿಂದ 2003ರವರೆಗೆ ಭಾರತವೂ ಸೇರಿ ಆರು ದೇಶಗಳ ಆರೋಗ್ಯವಂತ ಮಕ್ಕಳ ಬೆಳವಣಿಗೆಯನ್ನು ಅಧ್ಯಯನ ಮಾಡಿತು. ಆಸರೆ ಇಲ್ಲದೆ ಕೂರುವುದು 3.8ರಿಂದ 9.2 ತಿಂಗಳ ನಡುವೆ. ತಾನಾಗಿ ನಡೆಯುವುದು 8.2ರಿಂದ 17.6 ತಿಂಗಳ ನಡುವೆ. ಅಂದರೆ ಬೇಗ ನಡೆದ ಮಗುವಿಗೂ ತಡವಾಗಿ ನಡೆದ ಮಗುವಿಗೂ ಒಂಬತ್ತು ತಿಂಗಳ ಅಂತರ, ಇಬ್ಬರೂ ಸರಿಯೇ. ಇನ್ನೊಂದು ವಿಷಯವೂ ಅಲ್ಲಿ ಗೊತ್ತಾಯಿತು. ಶೇ. 4ರಷ್ಟು ಮಕ್ಕಳು ಅಂಬೆಗಾಲು ಇಡಲೇ ಇಲ್ಲ. ಕೂತಲ್ಲೇ ಜರುಗುತ್ತಲೋ, ನೇರವಾಗಿ ಎದ್ದು ನಿಂತೋ ಮುಂದೆ ಸಾಗಿದರು. ವರ್ಷಕ್ಕೇ ನಡೆಯಲಿ ಅಂತ ಗಾಲಿಯ ವಾಕರ್ ತರುವುದು ದಂಡ. ಅದು ನಡಿಗೆ ಕಲಿಸುವುದಿಲ್ಲ, ಮೆಟ್ಟಿಲಿಂದ ಉರುಳಿಸುತ್ತದೆ. ಕೆನಡಾ 2004ರಲ್ಲೇ ಅದರ ಮಾರಾಟ ನಿಷೇಧಿಸಿದೆ.

ಹಾಗಾದರೆ ನಾವು ಏನು ನೋಡುತ್ತೇವೆ? ದಿಕ್ಕು ನೋಡುತ್ತೇವೆ. ಕತ್ತು ನಿಂತಿತಾ, ಆಮೇಲೆ ಸೊಂಟ ನಿಂತಿತಾ, ಆಮೇಲೆ ಕಾಲು? ಎರಡೂ ಪಕ್ಕ ಒಂದೇ ಥರ ಆಡುತ್ತಿವೆಯಾ? ಎಂಟು ತಿಂಗಳ ಮಗು ಯಾವಾಗಲೂ ಒಂದೇ ಕೈಯಲ್ಲಿ ಆಟಿಕೆ ಹಿಡಿದು, ಇನ್ನೊಂದನ್ನು ಮುಷ್ಟಿ ಕಟ್ಟಿಕೊಂಡಿದ್ದರೆ ಮನೆಯವರು "ಎಡಚ ಆಗ್ತಾನೆ" ಅಂತ ನಗುತ್ತಾರೆ. ನಮಗೆ ನಗು ಬರುವುದಿಲ್ಲ. ವರ್ಷದೊಳಗೆ ಮಕ್ಕಳಿಗೆ ಎಡ ಬಲ ಅಂತ ಒಲವು ಇರಬಾರದು. ಇದ್ದರೆ ಇನ್ನೊಂದು ಪಕ್ಕ ಸೋತಿದೆಯಾ ಅಂತ ಪರೀಕ್ಷಿಸಬೇಕು. ಹಾಗೆಯೇ ಬಂದ ಕಲಿಕೆ ಹೋದರೆ, ಅದು ಮಾತಿರಲಿ, ನಡಿಗೆಯಿರಲಿ, ಯಾವ ವಯಸ್ಸೇ ಆಗಿರಲಿ, ಮುಂದಿನ ತಿಂಗಳಿಗೆ ದೂಡಬೇಡಿ.

ನೋಡಲು ಚೆನ್ನಾಗಿಯೇ ಇರುವ ಮಗುವಿನಲ್ಲೂ ಒಳಗಿನ ಗಡಿಯಾರ ಓಡುತ್ತಿರಬಹುದು. ಥೈರಾಯ್ಡ್ ಕೊರತೆಯಿರುವ ನವಜಾತ ಶಿಶು ಬಹಳ ಸಲ ಯಾವ ಲಕ್ಷಣವನ್ನೂ ತೋರಿಸುವುದಿಲ್ಲ. ಹಿಮ್ಮಡಿಯಿಂದ ತೆಗೆದ ಕೆಲವು ಹನಿ ರಕ್ತದಲ್ಲಿ ಅದು ಗೊತ್ತಾಗುತ್ತದೆ. ಮೊದಲ ಎರಡು ವಾರದಲ್ಲೇ ಮಾತ್ರೆ ಶುರುವಾದರೆ ಮಿದುಳು ಉಳಿಯುತ್ತದೆ. ಕಣ್ಣಿನ ಪಾಪೆ ಬೆಳ್ಳಗೆ ಕಂಡರೆ ಅದೇ ವಾರ ತೋರಿಸಿ, ಅದು ಹುಟ್ಟಿನ ಪೊರೆಯೂ ಆಗಿರಬಹುದು, ಗಡ್ಡೆಯೂ ಆಗಿರಬಹುದು. ಗಂಡುಮಗುವಿನ ಬೀಜ ಆರು ತಿಂಗಳಾದರೂ ಚೀಲಕ್ಕೆ ಇಳಿಯದಿದ್ದರೆ ತಾನಾಗಿ ಇಳಿಯುವುದು ಕಷ್ಟ. ಒಂದೂವರೆ ವರ್ಷದೊಳಗೆ ಆಪರೇಷನ್ ಮುಗಿಸುವುದು ಒಳ್ಳೆಯದು.

ಮಾತಿನ ವಿಷಯದಲ್ಲಿ ಜನ ಜಾಸ್ತಿ ಕಾಯುತ್ತಾರೆ. ಮಾತಿನ ಕೆಲಸ ಬಾಯಿ ಬಿಡುವ ಎಷ್ಟೋ ಮೊದಲೇ ಕಿವಿಯಲ್ಲಿ ಶುರುವಾಗಿರುತ್ತದೆ. ಇಂಗ್ಲಿಷ್ ಮನೆಗಳ ಮಕ್ಕಳಿಗೆ ಹಿಂದಿಯ ತ, ಟ ಕೇಳಿಸಿದ ವರ್ಕರ್ ಮತ್ತು ಟೀಸ್ ಅವರ 1984ರ ಪ್ರಯೋಗ ನನಗೆ ಬಹಳ ಇಷ್ಟ. ಆರರಿಂದ ಎಂಟು ತಿಂಗಳ ಕೂಸುಗಳು ಎರಡರ ವ್ಯತ್ಯಾಸ ಹಿಡಿದವು. ಹತ್ತರಿಂದ ಹನ್ನೆರಡು ತಿಂಗಳ ಹೊತ್ತಿಗೆ ಹೆಚ್ಚಿನವಕ್ಕೆ ಅದು ಆಗಲಿಲ್ಲ. ಮೊದಲ ಪದ ಬರುವುದರೊಳಗೆ ಕಿವಿ ತನ್ನ ಭಾಷೆಯನ್ನು ಆರಿಸಿಕೊಂಡಾಗಿರುತ್ತದೆ. ಕಿವಿಯೇ ಕೇಳದ ಮಗುವಿಗೆ ಈ ತಿಂಗಳುಗಳು ಖಾಲಿ ಹೋಗುತ್ತವೆ. ಕಿವುಡು ಮಗುವೂ ಶುರುವಿನಲ್ಲಿ ಊಗುಟ್ಟುತ್ತದೆ, ನಗುತ್ತದೆ. ಹಾಗಾಗಿ ಮನೆಯವರಿಗೆ ಅನುಮಾನವೇ ಬರುವುದಿಲ್ಲ. ತಟ್ಟೆ ಬಡಿದು ನೋಡುವುದು ಪರೀಕ್ಷೆಯಲ್ಲ. ಒಂದು ತಿಂಗಳೊಳಗೆ ಯಂತ್ರದ ಪರೀಕ್ಷೆ, ಮೂರು ತಿಂಗಳೊಳಗೆ ಖಚಿತ ನಿರ್ಣಯ, ಆರು ತಿಂಗಳೊಳಗೆ ಶ್ರವಣ ಸಾಧನ ಮತ್ತು ತರಬೇತಿ. ಜಗತ್ತಿನ ಬಹಳ ಕಡೆ ಪಾಲಿಸುವ ಗಡುವು ಇದು. ಎರಡು ವರ್ಷಕ್ಕೆ ಎರಡೆರಡು ಪದ ಜೋಡಿಸದ ಮಗುವಿಗೂ ಮೊದಲು ಕಿವಿ ಪರೀಕ್ಷೆಯೇ ಆಗಬೇಕು. ಅಪ್ಪ ಲೇಟಾಗಿ ಮಾತಾಡಿದ್ದು ನಿಜವೇ ಇರಬಹುದು, ಆದರೆ ಅದು ಮಗನ ಕಿವಿಯ ಬಗ್ಗೆ ಏನೂ ಹೇಳುವುದಿಲ್ಲ.

ಎರಡನೇ ವರ್ಷದಲ್ಲಿ "ಏನೂ ತಿನ್ನಲ್ಲ" ಎಂಬ ದೂರು ಶುರು. ಮೊದಲ ವರ್ಷ 25 ಸೆಂ.ಮೀ. ಬೆಳೆದ ಮಗು ಎರಡನೆಯದರಲ್ಲಿ 12 ಸೆಂ.ಮೀ. ಆಸುಪಾಸು ಬೆಳೆಯುತ್ತದೆ. ಬೆಳವಣಿಗೆ ನಿಧಾನವಾದರೆ ಹಸಿವೂ ಇಳಿಯುತ್ತದೆ, ಅಲ್ವಾ? ತೂಕದ ಗೆರೆ ತನ್ನ ದಾರಿಯಲ್ಲೇ ಇದ್ದರೆ ಬಿಟ್ಟುಬಿಡಿ. ಆಮೇಲಿನ ವರ್ಷಗಳಲ್ಲಿ ವರ್ಷಕ್ಕೆ ಐದಾರು ಸೆಂ.ಮೀ. ಎತ್ತರ ಬಂದರೆ ಸಾಕು.

ಹದಿಹರೆಯದಲ್ಲಿ ಮತ್ತೆ ಲೆಕ್ಕ ತಪ್ಪುತ್ತದೆ. ಹುಡುಗಿಯರಲ್ಲಿ ಬದಲಾವಣೆ ಶುರುವಾಗುವುದು 8ರಿಂದ 13ರ ನಡುವೆ, ಹುಡುಗರಲ್ಲಿ 9ರಿಂದ 14ರ ನಡುವೆ. ಹುಡುಗಿಯರಲ್ಲಿ ಸಾಮಾನ್ಯವಾಗಿ ಮೊದಲು ಎದೆ ಮೂಡುತ್ತದೆ, ಆಮೇಲೆ ಎತ್ತರದ ಓಟ, ಎರಡು ಎರಡೂವರೆ ವರ್ಷದ ಬಳಿಕ ಮುಟ್ಟು. ಅಂದರೆ ಮುಟ್ಟು ಬರುವ ಹೊತ್ತಿಗೆ ಎತ್ತರದ ಓಟ ಬಹುತೇಕ ಮುಗಿದಿರುತ್ತದೆ, ಸರಾಸರಿ ಐದರಿಂದ ಏಳು ಸೆಂ.ಮೀ. ಮಾತ್ರ ಬಾಕಿ. "ದೊಡ್ಡವಳಾಗಿ ವರ್ಷ ಆಯ್ತು, ಎತ್ತರಕ್ಕೆ ಏನಾದ್ರೂ ಕೊಡಿ" ಅಂತ ಬಂದರೆ ನಮ್ಮ ಕೈಯಲ್ಲಿ ಹೆಚ್ಚೇನೂ ಉಳಿದಿರುವುದಿಲ್ಲ. ಏಳು ವರ್ಷಕ್ಕೇ ಎದೆ ಮೂಡಿದ, ತರಗತಿಯಲ್ಲೇ ಎತ್ತರದ ಹುಡುಗಿಯನ್ನು ಯಾರೂ ಕರೆತರುವುದಿಲ್ಲ. ಅವಳನ್ನೇ ಬೇಗ ತೋರಿಸಬೇಕಿತ್ತು, ಎಲುಬಿನ ತುದಿಗಳು ಬೇಗ ಕೂಡಿ ಕೊನೆಗೆ ಗಿಡ್ಡ ಉಳಿಯಬಹುದಾದವಳು ಅವಳೇ. ಹದಿಮೂರರ ಹುಡುಗ ಸಹಪಾಠಿ ಹುಡುಗಿಯರಿಗಿಂತ ಕುಳ್ಳಗಿದ್ದರೆ ಮಾತ್ರ ಕಾಯಬಹುದು. ಅವನ ಓಟ ಎರಡು ವರ್ಷ ತಡ. ಹದಿನಾಲ್ಕು ತುಂಬಿದರೂ ಬೀಜ ದೊಡ್ಡದಾಗಲು ಶುರುವಾಗಿರದಿದ್ದರೆ ತೋರಿಸಿ.

ರಾತ್ರಿ ಹನ್ನೊಂದಾದರೂ ನಿದ್ದೆ ಬಾರದಿರುವುದು, ಬೆಳಿಗ್ಗೆ ಏಳಲಾಗದಿರುವುದು ಈ ವಯಸ್ಸಿನ ದೇಹದ ಗುಣವೂ ಹೌದು. ಅದನ್ನು ಸೋಮಾರಿತನ ಅಂತ ಬಯ್ಯುವವರೇ, ಮಗು ಎರಡು ವಾರದಿಂದ ಮಂಕಾಗಿ, ಗೆಳೆಯರನ್ನೂ ಬಿಟ್ಟು ಕೂತಿದ್ದರೆ "ವಯಸ್ಸೇ ಹಾಗೆ" ಅಂತ ಕಾಯುತ್ತಾರೆ. ಇದು ಕಾಯುವ ವಿಷಯವಲ್ಲ. ಸಾಯುವ ಯೋಚನೆ ಬರುತ್ತಿದೆಯಾ ಅಂತ ನೇರವಾಗಿಯೇ ಕೇಳಿ. ಕೇಳಿದ್ದರಿಂದ ಆ ಯೋಚನೆ ತಲೆಗೆ ಹೊಸದಾಗಿ ಬರುವುದಿಲ್ಲ. ಹೌದು ಅಂದರೆ ಮಗುವನ್ನು ಒಂಟಿ ಬಿಡಬೇಡಿ, ಅವತ್ತೇ ವೈದ್ಯರ ಹತ್ತಿರ ಕರೆತನ್ನಿ.