ಮೇಲ್ದವಡೆಯ ಮೂಳೆ ಮೆತ್ತಗಿದ್ದರೆ ಇಂಪ್ಲಾಂಟ್ ಹಾಕಿಸಬಹುದೇ?

ಪ್ರಶ್ನೆ: ಅಮ್ಮನಿಗೆ 62 ವರ್ಷ. ಮೇಲಿನ ಎರಡು ದವಡೆ ಹಲ್ಲು ಕೀಳಿಸಿ ಎಷ್ಟೋ ವರ್ಷವಾಯಿತು. ಇಂಪ್ಲಾಂಟ್ ಕೇಳಿದರೆ ‘ಅಲ್ಲಿ ಮೂಳೆ ವೀಕ್ ಇದೆ’ ಅಂತಾರೆ ಡಾಕ್ಟರ್. ಆಸೆ ಬಿಡಬೇಕೇ? ಹಾಕಿಸಿದರೆ ಏನು ತೊಂದರೆಯಾಗಬಹುದು? (ಸೋಮವಾರಪೇಟೆಯ ಓದುಗರು)

ಉತ್ತರ: ಆಸೆ ಬಿಡಬೇಕಿಲ್ಲ, ಅವಸರ ಮಾತ್ರ ಬೇಡ. ಇಂಪ್ಲಾಂಟ್ ಎಂದರೆ ಹಲ್ಲಿನ ಬೇರಿನ ಬದಲು ದವಡೆಯ ಮೂಳೆಗೆ ಕೂರಿಸುವ ಟೈಟೇನಿಯಂ ಸ್ಕ್ರೂ, ಅದರ ಮೇಲೆ ಕ್ಯಾಪ್, ಅಂದರೆ ಕೃತಕ ಹಲ್ಲು ಬರುತ್ತದೆ. ಮೆತ್ತನೆಯ ಮೂಳೆಯಲ್ಲಿ ಇಂಪ್ಲಾಂಟ್ ಕೈಕೊಟ್ಟಾಗ ಅದರ ಹಿಂದೆ ಅವಸರವೂ ಇರುವುದು ಹೆಚ್ಚು.

ಬಾಯಿಯ ಎಲ್ಲ ಕಡೆ ಮೂಳೆ ಒಂದೇ ಥರ ಇರುವುದಿಲ್ಲ. ಕೆಳದವಡೆಯ ಮುಂಭಾಗ ತುಂಬ ಗಟ್ಟಿ. ಮೇಲ್ದವಡೆಯ ಹಿಂಭಾಗ ಎಲ್ಲಕ್ಕಿಂತ ಮೆದು: ಹೊರಗೊಂದು ತೆಳು ಪದರ, ಒಳಗೆಲ್ಲ ಜಾಲರಿ. ಬೀಟೆ ಹಲಗೆಯಲ್ಲಿ ಕಚ್ಚಿ ಕೂರುವ ಸ್ಕ್ರೂ ಬೂರುಗದ ಹಲಗೆಯಲ್ಲಿ ಹಾಗೆ ಕೂರುವುದಿಲ್ಲವಲ್ಲ, ಇಲ್ಲಿಯೂ ಅದೇ ಕಥೆ. ಸ್ವೀಡನ್ನಿನ ವೈದ್ಯ ಬ್ರಾನೆಮಾರ್ಕ್ 1965ರಲ್ಲಿ ಮೊದಲ ರೋಗಿಗೆ ಟೈಟೇನಿಯಂ ಇಂಪ್ಲಾಂಟ್ ಹಾಕಿದಾಗಿನಿಂದ ಗೊತ್ತಿರುವ ವಿಷಯವಿದು: ಮೂಳೆ ಟೈಟೇನಿಯಂಗೆ ಬೆಸೆದುಕೊಳ್ಳಬೇಕಾದರೆ ಮೊದಲ ವಾರಗಳಲ್ಲಿ ಸ್ಕ್ರೂ ಅಲುಗಾಡಕೂಡದು. ಅಲುಗಾಡಿದರೆ ಸುತ್ತ ಮೂಳೆಯ ಬದಲು ನಾರಿನಂಥ ಅಂಗಾಂಶ ಬೆಳೆಯುತ್ತದೆ. ಇದರಲ್ಲಿ ನೋವೇ ಇಲ್ಲದಿರಬಹುದು, ಕ್ಯಾಪ್ ಕೂರಿಸಲು ಹೋದ ದಿನವೇ ಸಡಿಲವಾಗಿರುವುದು ತಿಳಿಯುವುದುಂಟು.

ಅಮ್ಮನಿಗೆ ಇನ್ನೊಂದು ತೊಡಕಿದೆ. ಮೇಲಿನ ದವಡೆ ಹಲ್ಲುಗಳ ನೆತ್ತಿಯ ಮೇಲೇ ಸೈನಸ್ ಎಂಬ ಗಾಳಿಗೂಡು. ಹಲ್ಲು ಹೋದ ಮೇಲೆ ಮೂಳೆ ಕೆಳಗಿನಿಂದ ಕರಗುತ್ತದೆ, ಸೈನಸ್ ಮೇಲಿನಿಂದ ಇಳಿಯುತ್ತದೆ. ನಡುವೆ ಉಳಿಯುವುದು ಕೆಲವೊಮ್ಮೆ ಮೂರ್ನಾಲ್ಕು ಮಿಲಿಮೀಟರ್ ಮಾತ್ರ. ಹಿಡಿತ ಸಾಲದೆ ಸ್ಕ್ರೂ ಸೈನಸ್ಸಿನೊಳಗೆ ಜಾರಿದ್ದೂ ಇದೆ. ಅಪರೂಪ, ಆದರೆ ಹೊರತೆಗೆಯಲು ಮತ್ತೊಂದು ಆಪರೇಷನ್ ಬೇಕು. ಇದನ್ನು ತಪ್ಪಿಸಲೆಂದೇ ಸೈನಸ್ಸಿನ ಪೊರೆಯನ್ನು ಮೆಲ್ಲಗೆ ಮೇಲೆತ್ತಿ ಅಡಿಯಲ್ಲಿ ಮೂಳೆಪುಡಿ ತುಂಬುವ ‘ಸೈನಸ್ ಲಿಫ್ಟ್’ ಮಾಡುತ್ತಾರೆ. ಇದರಲ್ಲಿ ಹೆಚ್ಚಾಗಿ ಕಾಣುವ ತೊಂದರೆ ಪೊರೆ ಹರಿಯುವುದು. ಸಣ್ಣದಾಗಿ ಹರಿದಿದ್ದರೆ ಆಗಲೇ ಮುಚ್ಚಬಹುದು. ದೊಡ್ಡದಾದರೆ ಅಲ್ಲಿಗೇ ನಿಲ್ಲಿಸಿ, ಕೆಲವು ತಿಂಗಳು ಬಿಟ್ಟು ಮತ್ತೆ ಮಾಡುವುದು ಒಳ್ಳೆಯದು. ಹಾಗೆ ನಿಲ್ಲಿಸುವ ಡಾಕ್ಟರ ಮೇಲೆ ಬೇಸರಪಡಬೇಡಿ.

ಲಿಫ್ಟ್ ಆದ ಮೇಲೆ ಕೆಲವು ವಾರ ಮೂಗು ಸೀಟಬಾರದು, ಸೀನು ಬಂದರೆ ಬಾಯಿ ತೆರೆದೇ ಸೀನಬೇಕು. ನಮ್ಮ ಕೊಡಗಿನ ಜೂನ್-ಜುಲೈ ಮಳೆಯಲ್ಲಿ ನೆಗಡಿ ಬಿಡದ ಮನೆ ಯಾವುದು? ಅದಕ್ಕೇ ಈ ಕೆಲಸ ಮಳೆಗಾಲಕ್ಕೆ ಬೇಡ ಎನ್ನುತ್ತೇನೆ. 2018ರ ಆಗಸ್ಟಿನಂತೆ ಗುಡ್ಡ ಜರಿದು ರಸ್ತೆ ಮುಚ್ಚಿದರೆ, ಹೊಲಿಗೆ ಬಿಚ್ಚಿ ರಕ್ತ ಬಂದಾಗ ಡಾಕ್ಟರ ಹತ್ತಿರ ಹೋಗುವುದಾದರೂ ಹೇಗೆ? ಹುತ್ತರಿ ಹಬ್ಬದ (ನವೆಂಬರ್-ಡಿಸೆಂಬರ್) ಹೊತ್ತಿಗೆ ಸ್ಕ್ರೂ ಹಾಕಿಸಿದರೆ ಆರು ತಿಂಗಳು ಕಾದು ಮುಂಗಾರಿನ ಹೊತ್ತಿಗೆ ಕ್ಯಾಪ್ ಹಾಕಿಸಬಹುದು. ಮೂಳೆ ತೀರಾ ಕಡಿಮೆಯಿದ್ದರೆ ಮೊದಲು ಲಿಫ್ಟ್ ಮಾತ್ರ, ಸ್ಕ್ರೂ ಆಮೇಲೆ. ಆಗ ಒಂದು ವರ್ಷವೇ ಹಿಡಿಯಬಹುದು.

ಕೆಳದವಡೆಯ ಹಿಂಭಾಗದ ಬಗ್ಗೆಯೂ ಒಂದು ಮಾತು. ಅಲ್ಲಿ ಮೂಳೆ ಗಟ್ಟಿಯಿದ್ದರೂ ಒಳಗೆ ನರ ಹರಿಯುತ್ತದೆ. ಇಂಜೆಕ್ಷನ್ನಿನ ಪ್ರಭಾವ ಇಳಿದ ಮೇಲೂ ತುಟಿ, ಗದ್ದ ಜೋಮು ಹಿಡಿದೇ ಇದ್ದರೆ ಅಂದೇ ಡಾಕ್ಟರಿಗೆ ಫೋನ್ ಮಾಡಿ. ತಡವಾದಷ್ಟೂ ನರ ಚೇತರಿಸಿಕೊಳ್ಳುವುದು ಕಷ್ಟ.

ಅಮ್ಮ ಮೂಳೆ ಸವೆತಕ್ಕೆ ಔಷಧಿ ತೆಗೆದುಕೊಳ್ಳುತ್ತಿದ್ದಾರೆಯೇ? ಸವೆತ ಇದ್ದ ಮಾತ್ರಕ್ಕೆ ಇಂಪ್ಲಾಂಟ್ ಬೇಡವೆಂದೇನೂ ಇಲ್ಲ. ಆದರೆ ವಾರಕ್ಕೊಮ್ಮೆಯ ಅಲೆಂಡ್ರೋನೇಟ್ ಮಾತ್ರೆ, ವರ್ಷಕ್ಕೊಮ್ಮೆಯ ಜೊಲೆಡ್ರೋನಿಕ್ ಆಸಿಡ್ ಡ್ರಿಪ್, ಆರು ತಿಂಗಳಿಗೊಮ್ಮೆಯ ಡೆನೋಸುಮ್ಯಾಬ್ ಇಂಜೆಕ್ಷನ್ ಪಡೆಯುವವರಲ್ಲಿ ಅಪರೂಪಕ್ಕೆ ದವಡೆಯ ಗಾಯ ಮಾಯದೆ ಮೂಳೆ ಸಾಯುತ್ತದೆ. ಹಲ್ಲಿನ ಡಾಕ್ಟರು ಕೇಳದಿದ್ದರೂ ನೀವೇ ಹೇಳಿ. ನೀವಾಗಿ ಔಷಧಿ ನಿಲ್ಲಿಸಬೇಡಿ. ಡೆನೋಸುಮ್ಯಾಬ್ ಏಕಾಏಕಿ ಬಿಟ್ಟರೆ ಬೆನ್ನುಮೂಳೆ ಮುರಿಯುವ ಅಪಾಯವಿದೆ. ಸಕ್ಕರೆ ಕಾಯಿಲೆ ಹತೋಟಿಯಲ್ಲಿರಲಿ. ಎಲೆಅಡಿಕೆಯ ಜೊತೆ ಹೊಗೆಸೊಪ್ಪು ಹಾಕುವ ಅಭ್ಯಾಸವಿದ್ದರೆ ಅದನ್ನು ಬಿಟ್ಟೇ ಮುಂದುವರಿಯಬೇಕು.

ಮಾಮೂಲಿ ಎಕ್ಸ್‌ರೇಯಲ್ಲಿ ಮೂಳೆಯ ಅಗಲ ಕಾಣುವುದಿಲ್ಲ, ದವಡೆಯನ್ನು ಮೂರು ಆಯಾಮದಲ್ಲಿ ತೋರಿಸುವ ಸಿಬಿಸಿಟಿ ಸ್ಕ್ಯಾನ್ ಮಾಡಿಸಿ ಎಷ್ಟು ಮಿಲಿಮೀಟರ್ ಮೂಳೆ ಇದೆಯೆಂದು ಕೇಳಿ. ಎರಡನೇ ಅಭಿಪ್ರಾಯ ಬೇಕೆನಿಸಿದರೆ ವಿರಾಜಪೇಟೆಯಲ್ಲೇ ದಂತ ವೈದ್ಯಕೀಯ ಕಾಲೇಜಿದೆ. ಕೆಲವೇ ದಿನದಲ್ಲಿ ಹಲ್ಲು ಕೂರಿಸಿಕೊಡುತ್ತೇವೆ ಎಂದು ಯಾರಾದರೂ ಹೇಳಿದರೆ, ಅಮ್ಮನ ಈ ಜಾಗಕ್ಕೆ ಒಪ್ಪಬೇಡಿ. ಅಷ್ಟು ಕಾಯಲು, ಓಡಾಡಲು ಅವರಿಗೆ ಮನಸ್ಸಿಲ್ಲದಿದ್ದರೆ ಬೇಕಾದಾಗ ತೆಗೆದು ಮತ್ತೆ ಹಾಕಿಕೊಳ್ಳುವ ಹಲ್ಲಿನ ಸೆಟ್ ಇದೆ, ಅಕ್ಕಪಕ್ಕದ ಹಲ್ಲು ಗಟ್ಟಿಯಿದ್ದರೆ ಅವುಗಳ ಆಧಾರದಲ್ಲಿ ಕೂರಿಸುವ ಬ್ರಿಡ್ಜ್ ಕೂಡ ಆಗಬಹುದು.