ಅಕೇಶಿಯಾ ತೆಗೆದ ಗುಡ್ಡ: ಯಾರಿಗೆ ಯಾವ ಕಾಡು ಬೇಕು?

ಪರಿಸರ ಪುನಶ್ಚೇತನದ ಪಾಠದಲ್ಲಿ ಸಮುದಾಯಗಳ ಮೌಲ್ಯದ ವಿಷಯ ಬಂದರೆ ನಮ್ಮಲ್ಲಿ ಬಹುತೇಕರು ಒಂದು ಕೋಷ್ಟಕ ಬಾಯಿಪಾಠ ಮಾಡುತ್ತಾರೆ: ಒದಗಿಸುವ, ನಿಯಂತ್ರಿಸುವ, ಸಾಂಸ್ಕೃತಿಕ, ಪೋಷಕ ಸೇವೆಗಳು. 2005ರ ಸಹಸ್ರಮಾನ ಪರಿಸರ ವ್ಯವಸ್ಥೆ ಮೌಲ್ಯಮಾಪನದ ಈ ವಿಂಗಡಣೆ ಕಾಡು ಏನೇನು ಕೊಡುತ್ತದೆ ಎಂಬುದನ್ನು ಚೆನ್ನಾಗಿ ಹೇಳುತ್ತದೆ. ಯಾರ ಕೈಗೆ, ಯಾವ ಹಕ್ಕಿನಲ್ಲಿ ಎಂದು ಕೇಳಿದರೆ ಸುಮ್ಮನಾಗುತ್ತದೆ. ಶಿವಮೊಗ್ಗ ಜಿಲ್ಲೆಯ ಉದಾಹರಣೆಗೆ ಬಂದಾಗ ಈ ಪ್ರಶ್ನೆಯನ್ನು ದಾಟಿ ಮುಂದೆ ಹೋಗಲಾಗದು.

ಹಿನ್ನೆಲೆ ಚುಟುಕಾಗಿ: ಭದ್ರಾವತಿಯ ಮೈಸೂರು ಕಾಗದ ಕಾರ್ಖಾನೆಗೆ ಮರ ಬೆಳೆಯಲೆಂದು 1980ರಲ್ಲಿ 40 ವರ್ಷಗಳ ಗುತ್ತಿಗೆಗೆ ಕಾಡು ಕೊಡಲಾಯಿತು. ಗುಡ್ಡಗಳ ಮೇಲೆ ನೀಲಗಿರಿ, ಅಕೇಶಿಯಾ ಎದ್ದವು. 2015ರಲ್ಲಿ ಕಾರ್ಖಾನೆಯ ಉತ್ಪಾದನೆ ನಿಂತಿತು. 2020ರಲ್ಲಿ ಗುತ್ತಿಗೆ ಮುಗಿದು ಮತ್ತೆ ವಿಸ್ತರಣೆಯಾದಾಗ ಮಲೆನಾಡಿನಲ್ಲಿ ವಿರೋಧ ಎದ್ದಿತು. ಅಕೇಶಿಯಾ ಬೇಡ ಎನ್ನುವುದರಲ್ಲಿ ಹಲವರು ಒಂದಾದರು. ಆ ಜಾಗದಲ್ಲಿ ಏನು ಬೇಕು ಎಂದು ಕೇಳಿದರೆ ಉತ್ತರಗಳು ಬೇರೆಯಾಗುತ್ತವೆ.

ಅಡಿಕೆ ಬೆಳೆಗಾರರಿಂದ ಶುರುಮಾಡೋಣ. ಸೊಪ್ಪಿನಬೆಟ್ಟದ (ತೋಟದವರು ಸೊಪ್ಪು ತರಲೆಂದು ಬಿಟ್ಟ ಕಾಡು) ಹಸಿಸೊಪ್ಪು ಮಳೆಗಾಲದಲ್ಲಿ ಕೊಟ್ಟಿಗೆ ಸೇರುತ್ತದೆ, ಬೇಸಿಗೆಯಲ್ಲಿ ಗುಡಿಸಿದ ದರಕು, ಅಂದರೆ ಉದುರಿದ ಒಣಎಲೆ, ಅದರ ಜಾಗ ಹಿಡಿಯುತ್ತದೆ. ಎರಡೂ ಸಗಣಿಯೊಡನೆ ಕೊಳೆತು ತೋಟದ ಗೊಬ್ಬರವಾಗುತ್ತವೆ. ಅಕೇಶಿಯಾ ಎಲೆ ಬೇಗ ಕೊಳೆಯುವುದಿಲ್ಲ, ದನವೂ ಅದಕ್ಕೆ ಬಾಯಿ ಹಾಕುವುದಿಲ್ಲ. ಆದ್ದರಿಂದ ಇವರು ಕೇಳುವುದು ಮತ್ತಿ, ಹುಣಾಲು, ನೇರಳೆ. ಜೊತೆಗೆ ಗುಡ್ಡದಿಂದ ಮನೆಗೆ ಇಳಿದುಬರುವ ಅಬ್ಬಿ (ತೊರೆ) ನೀರು. ಬೆಟ್ಟದ ಸವಲತ್ತು ತೋಟಕ್ಕೆ ಅಂಟಿಕೊಂಡಿದೆ ಎಂಬುದನ್ನು ಗುರುತು ಹಾಕಿಕೊಳ್ಳಿ. ತೋಟವಿಲ್ಲದವರಿಗೆ ಬೆಟ್ಟವೂ ಇಲ್ಲ.

ತೋಟವಿಲ್ಲದ ಮನೆಯ ಹೆಂಗಸಿಗೆ ಅದೇ ಅಕೇಶಿಯಾ ಉರುವಲು. ನೆಡುತೋಪಿನಲ್ಲಿ ಒಣಗಿ ಬಿದ್ದ ರೆಂಬೆಯನ್ನು ಹೊರೆ ಕಟ್ಟಿ ತರುವವಳಿಗೆ ಮರ ದೇಶಿಯೋ ವಿದೇಶಿಯೋ ಎಂಬುದು ದೊಡ್ಡ ಮಾತಲ್ಲ. ತೋಪು ಬೋಳಿಸಿ ಬೇಲಿ ಹಾಕಿ ಸ್ಥಳೀಯ ಸಸಿ ನೆಟ್ಟರೆ ಮೊದಲು ತಾಪತ್ರಯವಾಗುವುದು ಅವಳ ಒಲೆಗೆ. ಇನ್ನೊಂದು ಕಡೆ, ಅಕೇಶಿಯಾ ಕಡಿದ ಮೇಲೂ ನೆಲದ ಬೀಜದಿಂದ ಸಸಿ ಒತ್ತೊತ್ತಾಗಿ ಏಳುವುದರಿಂದ ಕೀಳುವ ಕೆಲಸ ವರ್ಷಗಟ್ಟಲೆ ಇರುತ್ತದೆ. ಕೂಲಿಗೆ ಹೋಗುವವರ ಲೆಕ್ಕದಲ್ಲಿ ಪುನಶ್ಚೇತನವೆಂದರೆ ಅದೇ. ಇದನ್ನು ಕೀಳಾಗಿ ಕಾಣುವ ಪರಿಸರಪ್ರೇಮಿಗಳ ಧಾಟಿ ನನಗೆ ಹಿಡಿಸುವುದಿಲ್ಲ.

ಉಪ್ಪಾಗೆ ಎಂಬ ಹುಳಿಹಣ್ಣಿನ ಕಾಡುಮರದ ಕಥೆ ಇನ್ನೂ ಸಂಕೀರ್ಣ. ಹಣ್ಣಾಗುವುದು ಜಡಿಮಳೆಯಲ್ಲಿ. ಸಿಪ್ಪೆಯನ್ನು ಬಿಸಿಲಿಗೆ ಹರವುವ ಹಾಗಿಲ್ಲ. ತಟ್ಟಿಯ ಮೇಲೆ ಹರಡಿ ಕೆಳಗೆ ಬೆಂಕಿ ಹಾಕಿ ಕಪ್ಪಾಗುವವರೆಗೆ ಒಣಗಿಸಬೇಕು. ತೂಕ ಇಳಿಸುವ ಔಷಧಿಗೆ ವಿದೇಶದಲ್ಲಿ ಬೇಡಿಕೆ ಬಂದ ಮೇಲೆ ಕಾಯಿ ಹಣ್ಣಾಗುವ ಮೊದಲೇ ಕೊಯ್ಯುವ, ಕೊಂಬೆಯನ್ನೇ ಕಡಿಯುವ ಅವಸರವೂ ಬಂದಿತು. ಒಂದು ಉತ್ಪನ್ನ ಕಾಡನ್ನು ಉಳಿಸುವ ಕಾರಣವೂ ಹೌದು, ಒಣಗಿಸಲು ಕಾಡಿನ ಸೌದೆ ಉರಿಸುವ ಕಾರಣವೂ ಹೌದು. ಸಂಗ್ರಹದ ಹಕ್ಕು ಹರಾಜಿನಲ್ಲಿ ಗುತ್ತಿಗೆದಾರನಿಗೆ ಹೋದರೆ ಕೊಯ್ಯುವವನಿಗೆ ಮುಂದಿನ ವರ್ಷದ ಮರದ ಚಿಂತೆ ಏಕೆ ಇರಬೇಕು? ನನ್ನ ವಾದ ಇಲ್ಲಿದೆ: ಮೌಲ್ಯ ಜಾತಿಯಿಂದಲೋ ಬುಡಕಟ್ಟಿನ ಸ್ವಭಾವದಿಂದಲೋ ಬರುವುದಕ್ಕಿಂತ ಹೆಚ್ಚಾಗಿ ಕೆಲಸದಿಂದ, ಹಕ್ಕಿನಿಂದ ಬರುತ್ತದೆ. ‘ರೈತರಿಗೆ ಲಾಭ, ಬುಡಕಟ್ಟಿನವರಿಗೆ ಭಕ್ತಿ’ ಎಂದು ಉತ್ತರಪತ್ರಿಕೆಯಲ್ಲಿ ಬರೆಯಬೇಡಿ.

ಭಕ್ತಿ ಮತ್ತು ಬಳಕೆ ಬೇರೆ ಬೇರೆ ಎಂಬುದಕ್ಕೂ ಮಲೆನಾಡಿನ ಕಾನು (ಊರವರು ದೇವರ ನೆಲೆಯೆಂದು ಉಳಿಸಿಕೊಂಡ ದಟ್ಟ ಕಾಡು) ಒಪ್ಪುವುದಿಲ್ಲ. ಸೊರಬದ ಕಾನುಗಳ ಬಗ್ಗೆ ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಅಧಿಕಾರಿಗಳು 1868ರಲ್ಲೇ ವರದಿ ಬರೆದಿದ್ದಾರೆ. ಊರ ದೇವತೆ ಚೌಡಿಯ ನೆಲೆಯಾದ ಕಾನಿನಲ್ಲೇ ಕಾಳುಮೆಣಸಿನ ಬಳ್ಳಿ ಹಬ್ಬುತ್ತಿತ್ತು, ಬೈನೆ ಮರದಿಂದ ಕಳ್ಳು ಇಳಿಯುತ್ತಿತ್ತು. ಜೀವವೈವಿಧ್ಯ ಕುರಿತ ಅಂತರಸರ್ಕಾರಿ ವೇದಿಕೆಯಾದ ಐಪಿಬಿಇಎಸ್‌ನ 2022ರ ಮೌಲ್ಯ ವರದಿ ಉಪಯೋಗದ ಮೌಲ್ಯ, ಸ್ವಂತ ಮೌಲ್ಯಗಳ ಜೊತೆಗೆ ‘ಸಂಬಂಧದ ಮೌಲ್ಯ’ (ಜನ ಮತ್ತು ನಿಸರ್ಗದ ನಂಟಿನಿಂದ ಬರುವ ಮೌಲ್ಯ) ಎನ್ನುವುದಕ್ಕೆ ಕಾನು ಸಿದ್ಧ ಉದಾಹರಣೆ.

ಪಠ್ಯಗಳು ಸಾಮಾನ್ಯವಾಗಿ ಬಿಟ್ಟುಬಿಡುವ ಸಂಗತಿ, ಕಾಡಿನ ಭಯ. ಉಣುಗಿನ (ಉಣ್ಣೆಹುಳು) ಕಡಿತದಿಂದ ಹರಡುವ ಮಂಗನ ಕಾಯಿಲೆ 1957ರಲ್ಲಿ ಮೊದಲು ಗುರುತಿಸಲ್ಪಟ್ಟದ್ದು ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಉಣುಗು ಕಚ್ಚುವ ಕಾಲವೂ ದರಕು ಗುಡಿಸುವ ಕಾಲವೂ ಒಂದೇ. ಮನೆ ಹಿಂದಿನ ಗುಡ್ಡ ದಟ್ಟವಾಗಲಿ ಎಂದು ಪೇಟೆಯವರು ಹೇಳುವಾಗ, ಜ್ವರದಲ್ಲಿ ಮನೆಯವರನ್ನು ಕಳೆದುಕೊಂಡ ಊರು ಹಿಂಜರಿದರೆ ಅದನ್ನು ಅಜ್ಞಾನ ಎನ್ನಲಾಗದು.

ಕ್ಷೇತ್ರಕಾರ್ಯಕ್ಕೆ ಹೋಗುವವರಿಗೆ ಒಂದು ಸೂಚನೆ: ಊರಿನ ಸಭೆಯಲ್ಲಿ ಮರಗಳ ಹೆಸರಿನ ಮುಂದೆ ಹುಣಸೆಬೀಜ ಇಡಿಸಿ ಅಂಕ ಪಡೆಯುವ ವಿಧಾನ ಸುಲಭ. ಗಂಡಸರು, ಹೆಂಗಸರು, ತೋಟವಿರುವವರು, ಇಲ್ಲದವರು ಬೇರೆ ಬೇರೆ ಕೂತು ಇಡಲಿ. ಒಟ್ಟಿಗೆ ಕೂರಿಸಿದರೆ ಎದುರು ಸಾಲಿನವರ ಬೀಜವೇ ಊರಿನ ಬೀಜವಾಗುತ್ತದೆ.

ಅಭ್ಯಾಸ ಪ್ರಶ್ನೆ: ನೆಟ್ಟ ಸಸಿಗಳಲ್ಲಿ ಎಷ್ಟು ಬದುಕಿದವು ಎಂದು ಇಲಾಖೆ ಎಣಿಸುತ್ತದೆ. ಯುಗಾದಿಯ ನಂತರವೂ ಅಬ್ಬಿ ಹರಿಯುತ್ತಿದೆಯೇ ಎಂದು ಊರು ನೋಡುತ್ತದೆ. ಈ ಎರಡು ಅಳತೆಗಳು ಒಂದೇ ಗುಡ್ಡದಲ್ಲಿ ಯಾವಾಗ ಬೇರೆ ಬೇರೆ ಉತ್ತರ ಕೊಡುತ್ತವೆ? ವಿವರಿಸಿ.