ಹೆಚ್ಚುಕಮ್ಮಿ ಎಷ್ಟು? ದೇಶದ ಹಸಿರುಮನೆ ಅನಿಲಗಳ ಲೆಕ್ಕದ ಒಳಗೆ

1990ರ ಆಸುಪಾಸಿನಲ್ಲಿ ಭಾರತದ ಭತ್ತದ ಗದ್ದೆಗಳ ಮೇಲೆ ದೊಡ್ಡ ಆರೋಪವೊಂದು ಬಂತು. ಭೂಮಿಯ ಬಿಸಿ ಏರಿಸುವ ಹಸಿರುಮನೆ ಅನಿಲವಾದ ಮೀಥೇನ್ ನಮ್ಮ ಗದ್ದೆಗಳಿಂದ ವರ್ಷಕ್ಕೆ ಸುಮಾರು 378 ಲಕ್ಷ ಟನ್ ಹೊರಬೀಳುತ್ತಿದೆ ಎಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಅಂದಾಜು ಮಾಡಿತ್ತು. ಅದಕ್ಕೆ ಆಧಾರ ಯುರೋಪ್ ಮತ್ತು ಅಮೆರಿಕದ ಗದ್ದೆಗಳಲ್ಲಿ ಮಾಡಿದ ಅಳತೆ. ಅಲ್ಲಿನ ಅಂಕಿಯನ್ನು ತಂದು ಇಲ್ಲಿನ ಗದ್ದೆಗಳ ವಿಸ್ತೀರ್ಣಕ್ಕೆ ಗುಣಿಸಿದ್ದರು.

ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ ಎ.ಪಿ. ಮಿತ್ರ ಅವರ ಮುಂದಾಳತ್ವದಲ್ಲಿ 1991ರಲ್ಲಿ ಇಲ್ಲಿಯದೇ ಅಳತೆ ಶುರುವಾಯಿತು. ಗದ್ದೆಯ ಮೀಥೇನ್ ಅಳೆಯುವ ಕೆಲಸ ಕೇಳಲು ಸುಲಭ, ಮಾಡಲು ಕಷ್ಟ. ಪೈರಿನ ಮೇಲೆ ಒಂದು ಪಾರದರ್ಶಕ ಪೆಟ್ಟಿಗೆಯನ್ನು ಕವುಚಿ ಇಡಬೇಕು. ಕೆಲವು ನಿಮಿಷಕ್ಕೊಮ್ಮೆ ಒಳಗಿನ ಗಾಳಿಯನ್ನು ಸಿರಿಂಜಿನಲ್ಲಿ ಎಳೆದುಕೊಳ್ಳಬೇಕು. ಮೀಥೇನ್ ಎಷ್ಟು ಬೇಗ ಏರುತ್ತಿದೆ ಎಂದು ನೋಡಬೇಕು. ಇದನ್ನು ನಾಟಿಯಿಂದ ಕೊಯ್ಲಿನವರೆಗೆ, ಬೇರೆಬೇರೆ ಸೀಮೆಯ ಗದ್ದೆಗಳಲ್ಲಿ, ಕೆಸರಿನಲ್ಲಿ ನಿಂತು ಮತ್ತೆಮತ್ತೆ ಮಾಡಬೇಕು.

ಬಂದ ಉತ್ತರ ಸುಮಾರು 40 ಲಕ್ಷ ಟನ್. ಮೊದಲಿನ ಅಂದಾಜಿನ ಹತ್ತನೇ ಒಂದು ಭಾಗದಷ್ಟು!

ಕಾರಣ ರೈತರಿಗೆ ಗೊತ್ತಿರುವಂಥದ್ದೇ. ಗದ್ದೆಯಲ್ಲಿ ನೀರು ನಿಂತೇ ಇದ್ದರೆ ಮಣ್ಣಿಗೆ ಗಾಳಿ ಸಿಗುವುದಿಲ್ಲ. ಗಾಳಿಯಿಲ್ಲದ ಕೆಸರಿನಲ್ಲಿ ಬದುಕುವ ಸೂಕ್ಷ್ಮಜೀವಿಗಳು ಮೀಥೇನ್ ಮಾಡುತ್ತವೆ. ಆಗ ನಮ್ಮಲ್ಲಿ ಮಳೆಯನ್ನೇ ನಂಬಿದ ಗದ್ದೆಗಳು ಜಾಸ್ತಿ ಇದ್ದವು. ನಡುವೆ ನೀರು ಬತ್ತುತ್ತದೆ, ಮಣ್ಣು ಬಿರಿಯುತ್ತದೆ, ಗಾಳಿ ಒಳಹೋಗುತ್ತದೆ. ಮೀಥೇನ್ ನಿಂತುಹೋಗುತ್ತದೆ.

ಆ ಎರಡು ಅಂದಾಜುಗಳ ನಡುವಿನ ಅಂತರ ಎಷ್ಟು ದೊಡ್ಡದು ನೋಡಿ. ಒಂದು ಟನ್ ಮೀಥೇನನ್ನು ಈಗ ನೂರು ವರ್ಷದ ಲೆಕ್ಕದಲ್ಲಿ 28 ಟನ್ ಇಂಗಾಲದ ಡೈಆಕ್ಸೈಡಿಗೆ ಸಮ ಎಂದು ಹಿಡಿಯುತ್ತಾರೆ. ಹಾಗೆ ಹಿಡಿದರೆ ಅಂತರವೇ ಸುಮಾರು 95 ಕೋಟಿ ಟನ್. ಕಾಡು ಹೀರಿಕೊಳ್ಳುವುದನ್ನು ಕಳೆಯುವ ಮೊದಲು 2020ರಲ್ಲಿ ಇಡೀ ಭಾರತದ ಹೊರಸೂಸುವಿಕೆ 295.9 ಕೋಟಿ ಟನ್ ಎಂದು ನಮ್ಮ ಸರ್ಕಾರ ವಿಶ್ವಸಂಸ್ಥೆಗೆ ವರದಿ ಕೊಟ್ಟಿದೆ. ಅದರ ಮೂರನೇ ಒಂದು ಭಾಗಕ್ಕೆ ಹತ್ತಿರವಾದ ತಪ್ಪು ಒಂದೇ ಬೆಳೆಯ ಲೆಕ್ಕದಲ್ಲಿ ಕೂತಿತ್ತು.

ಅಂದಹಾಗೆ ಈ 295.9 ಕೋಟಿ ಟನ್ನನ್ನು ಯಾರೂ ತೂಗಿಲ್ಲ. ತೂಗಲು ಆಗುವುದೂ ಇಲ್ಲ. ಎಲ್ಲ ದೇಶಗಳ ಲೆಕ್ಕದ ಬುಡದಲ್ಲೂ ಇರುವುದು ಒಂದು ಗುಣಾಕಾರ: ಎಷ್ಟು ಕೆಲಸ ನಡೆಯಿತು, ಒಂದೊಂದು ಕೆಲಸಕ್ಕೆ ಎಷ್ಟು ಅನಿಲ. ಎಷ್ಟು ಟನ್ ಕಲ್ಲಿದ್ದಲು ಉರಿಯಿತು, ಟನ್ನಿಗೆ ಎಷ್ಟು ಅನಿಲ. ಎಷ್ಟು ಹಸು, ಒಂದು ಹಸುವಿಗೆ ಎಷ್ಟು ಮೀಥೇನ್. ಈ ಎರಡನೆಯ ಅಂಕಿಗೆ ಗುಣಕ ಎನ್ನೋಣ. ಎರಡೂ ಕಡೆ ಹೆಚ್ಚುಕಮ್ಮಿ ಇರುತ್ತದೆ.

ಎಕರೆಗೆ ಎಷ್ಟು ಚೀಲ ಆಯಿತು ಎಂದು ಕೇಳಿದರೆ ನಮ್ಮವರು "ಹೆಚ್ಚುಕಮ್ಮಿ ಇಷ್ಟು" ಅನ್ನುತ್ತಾರೆ. ವಿಜ್ಞಾನಿಗಳು ಅದರ ಮೇಲೆ ಇನ್ನೊಂದು ಪ್ರಶ್ನೆ ಕೇಳುತ್ತಾರೆ: ಹೆಚ್ಚು ಎಂದರೆ ಎಷ್ಟು, ಕಮ್ಮಿ ಎಂದರೆ ಎಷ್ಟು? ನಿಜವಾದ ಅಂಕಿ ಒಳಗಿದೆ ಎಂದು ನೂರಕ್ಕೆ 95ರಷ್ಟು ನಂಬಬಹುದಾದ ಒಂದು ಬೇಲಿ ಹಾಕಿ ತೋರಿಸು ಎನ್ನುತ್ತಾರೆ. ಆ ಬೇಲಿಯ ಅಗಲವೇ ಅನಿಶ್ಚಿತತೆ.

ಹಸುವನ್ನೇ ತೆಗೆದುಕೊಳ್ಳಿ. ಮೆಲುಕು ಹಾಕುವ ಪ್ರಾಣಿಗಳ ಹೊಟ್ಟೆಯಲ್ಲಿ ಮೀಥೇನ್ ಹುಟ್ಟುತ್ತದೆ, ಹೆಚ್ಚಿನದು ತೇಗಿನಲ್ಲಿ ಹೊರಬರುತ್ತದೆ. 2019ರ ಜಾನುವಾರು ಗಣತಿಯ ಪ್ರಕಾರ ನಮ್ಮಲ್ಲಿ 19.25 ಕೋಟಿ ದನಗಳು, 10.98 ಕೋಟಿ ಎಮ್ಮೆ ಕೋಣಗಳು ಇವೆ. ಎಣಿಕೆ ಪರವಾಗಿಲ್ಲ, ಮನೆಮನೆಗೆ ಹೋಗಿ ಮಾಡಿದ್ದು. ಗುಣಕದ್ದೇ ಕಷ್ಟ. ವಿಶ್ವಸಂಸ್ಥೆಯ ಹವಾಮಾನ ತಜ್ಞರ ಸಮಿತಿ ಐಪಿಸಿಸಿಯ 2006ರ ಮಾರ್ಗಸೂಚಿ ಉತ್ತರ ಅಮೆರಿಕದ ಹಾಲು ಕೊಡುವ ಹಸುವಿಗೆ ವರ್ಷಕ್ಕೆ 128 ಕಿಲೋ ಮೀಥೇನ್ ಎನ್ನುತ್ತದೆ. ಭಾರತ ಉಪಖಂಡದ ಹಸುವಿಗೆ 58 ಕಿಲೋ. ಅಲ್ಲಿನ ಹಸು ವರ್ಷಕ್ಕೆ 8,400 ಕಿಲೋ ಹಾಲು ಕೊಡುತ್ತದೆ, ನಮ್ಮದು 900 ಕಿಲೋ ಎಂಬ ಸರಾಸರಿಯ ಮೇಲೆ ಈ ಅಂಕಿಗಳು ನಿಂತಿವೆ. ಜೊತೆಗೆ, ಇಂಥ ಗುಣಕದಲ್ಲಿ ಶೇ. 30ರಿಂದ 50ರಷ್ಟು ಆಚೀಚೆ ಆಗಬಹುದು ಎಂದೂ ಮಾರ್ಗಸೂಚಿಯೇ ಹೇಳುತ್ತದೆ.

ಒಣಹುಲ್ಲು ತಿನ್ನುವ ನಾಟಿ ಹಸುವಿಗೂ, ಹಿಂಡಿ ಬೂಸಾ ತಿನ್ನುವ ಸೀಮೆ ಹಸುವಿಗೂ ಒಂದೇ ಅಂಕಿ ಹಾಕಿದರೆ ಹೇಗೆ? ಇದಕ್ಕಾಗಿಯೇ ಬೆಂಗಳೂರಿನ ಆಡುಗೋಡಿಯಲ್ಲಿರುವ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ವಿಜ್ಞಾನ ಸಂಸ್ಥೆಯಂಥ ಕಡೆ ಹಸುಗಳ ಉಸಿರನ್ನೇ ಅಳೆಯುತ್ತಾರೆ. ಸಲ್ಫರ್ ಹೆಕ್ಸಾಫ್ಲೋರೈಡ್ ಎಂಬ ಅನಿಲ ತುಂಬಿದ ಪುಟ್ಟ ಕೊಳವೆಯನ್ನು ಹಸುವಿನ ಹೊಟ್ಟೆಗೆ ಇಳಿಸುತ್ತಾರೆ. ಅದು ದಿನಕ್ಕೆ ಎಷ್ಟು ಸೋರುತ್ತದೆ ಎಂಬುದು ಮೊದಲೇ ಗೊತ್ತು. ಮೂಗಿನ ಬಳಿ ಹಿಡಿದ ಗಾಳಿಯಲ್ಲಿ ಆ ಅನಿಲಕ್ಕೆ ಮೀಥೇನ್ ಯಾವ ಪ್ರಮಾಣದಲ್ಲಿದೆ ಎಂದು ನೋಡಿದರೆ ಹಸುವಿನ ಲೆಕ್ಕ ಸಿಕ್ಕಿಬಿಡುತ್ತದೆ. ಎಷ್ಟು ಚಂದದ ಉಪಾಯ ಅಲ್ವಾ!

ಕಲ್ಲಿದ್ದಲಿನ ಲೆಕ್ಕ ಇದಕ್ಕಿಂತ ಗಟ್ಟಿ. ಸುಟ್ಟ ಇಂಗಾಲ ಎಲ್ಲಿಗೂ ಮಾಯವಾಗುವುದಿಲ್ಲ, ಹೆಚ್ಚೂಕಡಿಮೆ ಪೂರ್ತಿ ಗಾಳಿಗೇ ಸೇರುತ್ತದೆ. ಆದರೆ ಅಲ್ಲೂ ಎಡವಬಹುದು. ಚೀನಾದ ಗಣಿಗಳಿಂದ ಕಲ್ಲಿದ್ದಲಿನ ಮಾದರಿಗಳನ್ನು ತರಿಸಿ ಪರೀಕ್ಷಿಸಿದ ಒಂದು ಅಧ್ಯಯನ 2015ರಲ್ಲಿ ಬಂತು. ಆ ಕಲ್ಲಿದ್ದಲಿನ ಗುಣಕ ಐಪಿಸಿಸಿ ಕೊಟ್ಟ ಗುಣಕಕ್ಕಿಂತ ಸರಾಸರಿ ಶೇ. 40ರಷ್ಟು ಕಡಿಮೆ ಇತ್ತು. ಅದೇ ಅಧ್ಯಯನ ಇನ್ನೊಂದನ್ನೂ ಕಂಡಿತು. ದೇಶ ಬಳಸಿದ ಇಂಧನ ಸರ್ಕಾರಿ ಅಂಕಿಗಿಂತ ಶೇ. 10ರಷ್ಟು ಜಾಸ್ತಿ. ಒಂದು ತಪ್ಪು ಮೇಲಕ್ಕೆ ಎಳೆಯುತ್ತಿತ್ತು, ಇನ್ನೊಂದು ಕೆಳಕ್ಕೆ. ಎರಡೂ ಸೇರಿ 2013ರಲ್ಲಿ ಚೀನಾದ ಹೊರಸೂಸುವಿಕೆ ಬೇರೆ ಪ್ರಮುಖ ಅಂದಾಜಿಗಿಂತ ಶೇ. 14ರಷ್ಟು ಕಡಿಮೆ ಎಂದಾಯಿತು.

ಇನ್ನು ಈ ಹೆಚ್ಚುಕಮ್ಮಿಗಳನ್ನೆಲ್ಲ ಕೂಡಿಸುವುದು ಹೇಗೆ? ನನಗೆ ಬಹಳ ಇಷ್ಟವಾದ ಭಾಗ ಇದು. ಒಂದು ದೇಶದ ಒಟ್ಟು ಲೆಕ್ಕ 100 ಎಂದುಕೊಳ್ಳಿ. ಅದರಲ್ಲಿ ಇಂಧನ 76, ಕೃಷಿ 14, ಉಳಿದದ್ದು 10. ಭಾರತದ ಹಂಚಿಕೆಯೂ ಹತ್ತಿರಹತ್ತಿರ ಹೀಗೇ ಇದೆ. ಸುಮ್ನೆ ಉದಾಹರಣೆಗೆ ಇಂಧನದಲ್ಲಿ ಶೇ. 5, ಕೃಷಿಯಲ್ಲಿ ಶೇ. 40, ಉಳಿದದ್ದರಲ್ಲಿ ಶೇ. 15 ಆಚೀಚೆ ಇರಲಿ. ಆಗ ಇಂಧನದ ಹೆಚ್ಚುಕಮ್ಮಿ 3.8, ಕೃಷಿಯದು 5.6, ಉಳಿದದ್ದು 1.5. ನೇರ ಕೂಡಿದರೆ 10.9. ಆದರೆ ಮೂರೂ ಒಟ್ಟಿಗೆ ಒಂದೇ ಕಡೆಗೆ ತಪ್ಪುವುದು ಅಪರೂಪ. ಒಂದು ಜಾಸ್ತಿಯಾದರೆ ಇನ್ನೊಂದು ಕಡಿಮೆಯಾಗಿ ಸ್ವಲ್ಪ ಸರಿಹೋಗುತ್ತದೆ. ಅದಕ್ಕೆ ಒಂದೊಂದರ ವರ್ಗ ಮಾಡಿ, ಕೂಡಿ, ವರ್ಗಮೂಲ ತೆಗೆಯುತ್ತಾರೆ. ಉತ್ತರ ಸುಮಾರು 7.

ಈಗ ಆ ವರ್ಗಗಳ ಮೊತ್ತವನ್ನು ಬಿಡಿಸಿ ನೋಡಿ. ಒಟ್ಟು 48ರಲ್ಲಿ 31 ಬಂದದ್ದು ಕೃಷಿಯಿಂದ. ಹೊರಸೂಸುವಿಕೆಯಲ್ಲಿ ಶೇ. 14 ಪಾಲಿನ ಕೃಷಿಗೆ ಅನುಮಾನದಲ್ಲಿ ಮೂರನೇ ಎರಡು ಭಾಗ! ವಿದ್ಯುತ್ ಸ್ಥಾವರಗಳ ಲೆಕ್ಕವನ್ನು ಎಷ್ಟೇ ತಿದ್ದಿದರೂ ಈ 7 ಹೆಚ್ಚು ಇಳಿಯುವುದಿಲ್ಲ. ಹಸು, ಗದ್ದೆ, ಗೊಬ್ಬರದ ಲೆಕ್ಕ ತಿದ್ದಿದರೆ ತಟ್ಟನೆ ಇಳಿಯುತ್ತದೆ. ದುಡ್ಡು ಕಡಿಮೆ ಇರುವ ದೇಶವೊಂದು ಮುಂದಿನ ಅಳತೆಯ ತಂಡವನ್ನು ಎಲ್ಲಿಗೆ ಕಳಿಸಬೇಕು ಎಂಬುದನ್ನು ಈ ಒಂದು ಪುಟದ ಲೆಕ್ಕ ಹೇಳಿಬಿಡುತ್ತದೆ. ಅನಿಶ್ಚಿತತೆಯ ಅಂಕಿಯನ್ನು ವರದಿಯ ಕೊನೆಗೆ ಅಂಟಿಸಿದ ಕ್ಷಮಾಪಣೆಯಂತೆ ಓದುವವರನ್ನು ಕಂಡರೆ ನನಗೆ ಬೇಸರವಾಗುವುದು ಇದಕ್ಕೇ.

ಇಲ್ಲಿ ಒಂದು ಎಚ್ಚರ ಬೇಕು. ವರ್ಗಮೂಲದ ಈ ಲೆಕ್ಕ ನಡೆಯುವುದು ತಪ್ಪುಗಳು ಒಂದಕ್ಕೊಂದು ಸಂಬಂಧವಿಲ್ಲದಿದ್ದರೆ ಮಾತ್ರ. ಬೀದರ್‌ನ ಹಸುವಿಗೂ ಮಂಡ್ಯದ ಹಸುವಿಗೂ ಅದೇ 58 ಕಿಲೋ ಹಾಕಿದ್ದೀರಿ. ಆ 58 ತಪ್ಪಾಗಿದ್ದರೆ ಎಲ್ಲ ಜಿಲ್ಲೆಯಲ್ಲೂ ಒಂದೇ ದಿಕ್ಕಿಗೆ ತಪ್ಪು. ನೂರು ಜಿಲ್ಲೆ ಕೂಡಿದರೂ ಅದು ಕರಗುವುದಿಲ್ಲ. ಇದನ್ನು ಮರೆತರೆ ಬೇಲಿ ಇರಬೇಕಾದ್ದಕ್ಕಿಂತ ಕಿರಿದಾಗಿ ಕಾಣುತ್ತದೆ.

ಬೇಲಿ ಎರಡೂ ಕಡೆ ಸಮ ಇರಬೇಕೆಂದೂ ಇಲ್ಲ. ಹೊಲಕ್ಕೆ ಹಾಕಿದ ಸಾರಜನಕ ಗೊಬ್ಬರದಲ್ಲಿ ಶೇ. 1ರಷ್ಟು ಸಾರಜನಕ ನೈಟ್ರಸ್ ಆಕ್ಸೈಡ್ ಎಂಬ ಇನ್ನೊಂದು ಹಸಿರುಮನೆ ಅನಿಲವಾಗಿ ಹಾರಿಹೋಗುತ್ತದೆ ಎಂಬುದು 2006ರ ಮಾರ್ಗಸೂಚಿಯ ಅಂಕಿ. ಅದರ ಬೇಲಿ ಶೇ. 0.3ರಿಂದ 3. ಕೆಳಗಡೆ ಸೊನ್ನೆಯ ಗೋಡೆ ಇದೆ, ಮೇಲ್ಗಡೆ ಬಯಲು. ಇಂಥ ಕಡೆ ಮಾಂಟೆ ಕಾರ್ಲೊ ವಿಧಾನ ಬಳಸುತ್ತಾರೆ. ಪ್ರತಿ ಅಂಕಿಗೂ ಅದರ ಬೇಲಿಯೊಳಗಿಂದ ಒಂದು ಬೆಲೆಯನ್ನು ಚೀಟಿ ಎತ್ತಿದ ಹಾಗೆ ಎತ್ತಿ, ಇಡೀ ದೇಶದ ಲೆಕ್ಕ ಮಾಡುವುದು. ಮತ್ತೆ ಎತ್ತಿ ಮತ್ತೆ ಮಾಡುವುದು. ಕಂಪ್ಯೂಟರ್ ಇದನ್ನು ಸಾವಿರಾರು ಸಲ ಮಾಡುತ್ತದೆ. ಬಂದ ಉತ್ತರಗಳಲ್ಲಿ ನಡುವಿನ ಶೇ. 95 ಎಲ್ಲಿಂದ ಎಲ್ಲಿಯವರೆಗೆ ಹರಡಿದೆಯೋ ಅದೇ ಬೇಲಿ.

ಇಷ್ಟು ಅನುಮಾನ ಇದ್ದರೆ ಹೊರಸೂಸುವಿಕೆ ಇಳಿಯಿತೋ ಏರಿತೋ ಎಂದು ಹೇಳುವುದು ಹೇಗೆ ಎಂದು ಕೇಳಬಹುದು. ಅಂಗಡಿಯ ತಕ್ಕಡಿ ಕಿಲೋಗೆ 50 ಗ್ರಾಂ ಜಾಸ್ತಿ ತೋರಿಸುತ್ತದೆ ಎಂದಿಟ್ಟುಕೊಳ್ಳಿ. ನಿಮ್ಮ ಕುಂಬಳಕಾಯಿಯ ತೂಕ ತಪ್ಪಾಗಿ ಬರುತ್ತದೆ, ನಿಜ. ಆದರೆ ಯಾವ ಕಾಯಿ ಯಾವುದರ ಎರಡರಷ್ಟಿದೆ ಎಂಬುದು ಸರಿಯಾಗೇ ಬರುತ್ತದೆ. 2019ಕ್ಕೆ ಹೋಲಿಸಿದರೆ 2020ರಲ್ಲಿ, ಕೊರೊನಾ ವರ್ಷದಲ್ಲಿ, ಭಾರತದ ಹೊರಸೂಸುವಿಕೆ ಶೇ. 7.93 ಇಳಿಯಿತು ಎಂದು ವರದಿ ಹೇಳುತ್ತದೆ. ಕಲ್ಲಿದ್ದಲಿನ ಗುಣಕ ತಪ್ಪಿದ್ದರೂ ಎರಡೂ ವರ್ಷ ಒಂದೇ ರೀತಿ ತಪ್ಪಿರುತ್ತದೆ. ಹಾಗಾಗಿ ಒಟ್ಟು ಮೊತ್ತಕ್ಕಿಂತ ಈ ಇಳಿಕೆಯ ಮೇಲೆ ಹೆಚ್ಚು ಭರವಸೆ ಇಡಬಹುದು. ತಕ್ಕಡಿ ಬದಲಿಸಿದರೆ ಮಾತ್ರ ಹಳೆಯ ವರ್ಷಗಳನ್ನೂ ಹೊಸ ತಕ್ಕಡಿಯಲ್ಲಿ ತೂಗಬೇಕು.

ಇದೆಲ್ಲ ಕಾಗದದ ಮೇಲಿನ ಲೆಕ್ಕ. ಆಕಾಶ ಏನು ಹೇಳುತ್ತದೆ? ಬ್ರಿಸ್ಟಲ್ ವಿಶ್ವವಿದ್ಯಾಲಯದ ಅನಿತಾ ಗಣೇಶನ್ ಮತ್ತು ಸಂಗಡಿಗರು ನೆಲದ ಮೇಲಿನ ಕೇಂದ್ರಗಳು, ವಿಮಾನ ಮತ್ತು ಉಪಗ್ರಹದಿಂದ ಸಿಕ್ಕ ಮೀಥೇನ್ ಅಳತೆಗಳನ್ನು ಗಾಳಿಯ ಚಲನೆಯ ಜೊತೆ ಹಿಂದಕ್ಕೆ ಲೆಕ್ಕ ಹಾಕಿದರು. 2010ರಿಂದ 2015ರವರೆಗೆ ಭಾರತದಿಂದ ವರ್ಷಕ್ಕೆ ಸರಾಸರಿ 220 ಲಕ್ಷ ಟನ್ ಮೀಥೇನ್ ಎಂದು 2017ರಲ್ಲಿ ಪ್ರಕಟಿಸಿದರು. ಬೇಲಿ 196ರಿಂದ 243 ಲಕ್ಷ ಟನ್. ಅದು ಭಾರತ ವಿಶ್ವಸಂಸ್ಥೆಗೆ ಕೊಟ್ಟ ಲೆಕ್ಕಕ್ಕೆ ಹೊಂದಿಕೊಂಡಿತು.

ಗದ್ದೆ, ದನ, ಕಸದ ಗುಡ್ಡ, ಗಣಿ ಎಲ್ಲ ಸೇರಿ 220 ಲಕ್ಷ. ಒಂದು ಕಾಲದಲ್ಲಿ ಗದ್ದೆಗಳ ತಲೆಗೇ 378 ಲಕ್ಷ ಕಟ್ಟಿದ್ದರು.